ದೊಬ್ರಿಲಾ ಇನ್ನೂ ಸತ್ತಿಲ್ಲ!

"ನನ್ನನ್ನ ಕೊಂದವನು ನೀನೇ ತಾನೇ?"

ಕಲ್ಲು ಕೆತ್ತುತ್ತಿದ್ದ ತಿಹೋಮಿರ್ ತಲೆ ಎತ್ತಿದ. ಎತ್ತಿದವನ ಕೈಯಿಂದ ಉಳಿ ಜಾರಿ ನೆಲಕ್ಕೆ ಬಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನು ಅವನು ಬಲ್ಲ. ಆ ದಪ್ಪ ಹುಬ್ಬು ಬಲ್ಲ, ಗಲ್ಲದ ಮೇಲಿನ ಮಚ್ಚೆ ಬಲ್ಲ... ಹೋದ ತಿಂಗಳು ತಾನೇ ಕೂತು ಕಪ್ಪು ಕಲ್ಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಮೂಡಿಸಿದ ಮುಖ ಅದು. ಗೋರಿಕಲ್ಲಿನ ಮೇಲೆ!

"ನೀವು... ದೊಬ್ರಿಲಾ..."

"ಹೌದು. ಸತ್ತವಳು. ಬಸ್ಸಲ್ಲಿ ಬಂದೆ."

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಇಲ್ಲದಿದ್ದರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಂಡೀರಿ. ಸರ್ಬಿಯಾದ ಈ ಮೊರಾವಾ ಹೊಳೆಯ ಸೀಮೆಯಲ್ಲಿ ಗಂಡ ಸತ್ತರೆ ಕಲ್ಲು ನಿಲ್ಲಿಸುತ್ತೇವೆ. ಕಲ್ಲಿನ ಒಂದು ಕಡೆ ಗಂಡನ ಮುಖ, ಹುಟ್ಟಿದ ವರ್ಷ, ಸತ್ತ ವರ್ಷ. ಇನ್ನೊಂದು ಕಡೆ ಹೆಂಡತಿಯ ಮುಖ, ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಖಾಲಿ ಜಾಗ. ಅವಳು ಬದುಕಿದ್ದಾಳೆ, ಮನೆಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದಾಳೆ, ಆದರೂ ಖಾಲಿ ಜಾಗ ಬಾಯಿ ತೆರೆದು ಕಾಯುತ್ತಿರುತ್ತದೆ! ಮುದುಕಿಯರು ತಾವೇ ಬಂದು ಫೋಟೋ ಆರಿಸಿಕೊಡುತ್ತಾರೆ. "ಮೂಗು ಸ್ವಲ್ಪ ಸಣ್ಣದು ಮಾಡಪ್ಪಾ" ಅಂತ ಚೌಕಾಸಿಯನ್ನೂ ಮಾಡುತ್ತಾರೆ.

ಆದರೆ ದೊಬ್ರಿಲಾಳನ್ನು ಯಾರೂ ಕೇಳಿರಲಿಲ್ಲ.

ಅವಳಿಗೆ ಐವತ್ತೇಳು. ಗಂಡ ಮಿಲೋಯೆ ಹೋಗಿ ಮೂರು ವರ್ಷ. ಮಕ್ಕಳಿಲ್ಲ. ಮಂಡಿ ನೋವಿಗೆಂದು ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿದ್ದವಳು ಹಿಂತಿರುಗಿ ಸ್ಮಶಾನಕ್ಕೆ ಹೋದರೆ, ಹೊಸ ಕಲ್ಲಿನ ಮೇಲೆ ತಾನೇ ಕೂತಿದ್ದಾಳೆ! ಕಪ್ಪು ತಲೆವಸ್ತ್ರ, ನೆಲ ನೋಡುವ ಕಣ್ಣು. ಗಂಡ ಸತ್ತ ನಲವತ್ತನೇ ದಿನ ಯಾರೋ ತೆಗೆದ ಫೋಟೋ. ಮಾಡಿಸಿದವಳು ನಾದಿನಿ ಲ್ಯುಬಿಂಕಾ.

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ," ಎಂದ ತಿಹೋಮಿರ್. "ಎಲ್ರೂ ಒಪ್ಕೊಂಡೇ ಮಾಡಿಸ್ತಾರೆ. ಅದಕ್ಕೇ ಕೇಳ್ಲಿಲ್ಲ."

"ಎಲ್ರೂ! ಎಲ್ರೂ ಬಾವಿಗೆ ಬಿದ್ರೆ ನಾನೂ ಬೀಳ್ಬೇಕಾ? ಬದುಕಿರೋ ಹೆಂಗಸಿನ ಮುಖ ಗೋರಿ ಮೇಲೆ ಕೆತ್ತೋವಾಗ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ಮೇಸ್ತ್ರಿ? ಕೋಳಿ ಕುಯ್ಯೋನೂ ಒಂದ್ಸಲ ಕೋಳಿ ಮುಖ ನೋಡ್ತಾನೆ!"

ಹೇಳುತ್ತಾ ಹೇಳುತ್ತಾ ಅವಳಿಗೆ ಎದೆಯಿಂದ ಬೆಂಕಿ ಎದ್ದಿತು. ಕೋಪದ ಬೆಂಕಿಯಲ್ಲ... ಮುಟ್ಟು ನಿಂತ ಮೇಲೆ ಹೊತ್ತುಗೊತ್ತಿಲ್ಲದೆ ಮೈಗೆ ನುಗ್ಗುವ ಆ ಹಾಳು ಕಾವು! ಕತ್ತು ಕೆಂಪಾಯಿತು, ಬೆವರು ಇಳಿಯಿತು. ಮೇಲೆ ಕಪ್ಪು ಉಣ್ಣೆಯ ಸ್ವೆಟರ್ ಬೇರೆ. ಮೂರು ಬೇಸಿಗೆ ಆ ಕಪ್ಪಿನೊಳಗೇ ಬೆಂದಿದ್ದಾಳೆ ಅವಳು.

'ಈಗಲೇ ಬರ್ಬೇಕಿತ್ತಾ ಇದು? ಇವನೆದುರು?'

ತಿಹೋಮಿರ್ ಬಿದ್ದ ಉಳಿ ಎತ್ತಿಟ್ಟ. ಎದ್ದು ಹಿಂದಿನ ಬಾಗಿಲನ್ನು ಅಗಲವಾಗಿ ತೆರೆದ. ಗಾಳಿ ಬರುವಲ್ಲಿ ಒಂದು ಸ್ಟೂಲ್ ಇಟ್ಟ. ಒಂದು ಲೋಟ ತಣ್ಣೀರು, ಒಂದು ಚಮಚ ಚೆರ್ರಿ ಪಾಕ ತಂದಿಟ್ಟು, ಮುಖ ತಿರುಗಿಸಿ ಕಲ್ಲು ಒರೆಸುತ್ತಾ ನಿಂತ.

ಅವಳು ಕೂತಳು. ಕುಡಿದಳು. ತಲೆವಸ್ತ್ರ ಕಿತ್ತು ಮಡಿಲಲ್ಲಿಟ್ಟಳು. ಬೂದಿ ಬಣ್ಣದ ಕೂದಲು ಕತ್ತಿಗೆ ಅಂಟಿತ್ತು.

"ನನ್ನ ಹೆಂಡತಿಗೂ ಹೀಗೇ ಆಗ್ತಿತ್ತು," ಎಂದ ಅವನು, ತಿರುಗದೆಯೇ. "ಜನವರಿಯಲ್ಲಿ ಕಿಟಕಿ ತೆಗೀತಿದ್ಲು. ನಾನು ಕಂಬಳಿ ಹೊದ್ಕೊಂಡು ಚಹಾ ಕುಡೀತಿದ್ದೆ."

ದೊಬ್ರಿಲಾಗೆ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಅಳಿಸು," ಎಂದಳು.

"ಕಲ್ಲು ಮಾಡ್ಸಿದ್ದು ನಿಮ್ಮ ನಾದಿನಿ..."

"ಮುಖ ಯಾರದು?"

ಅವನು ಈಗ ತಿರುಗಿ ಅವಳನ್ನು ನೋಡಿದ. ಕಲ್ಲಿನ ಮೇಲೆ ಅವನು ಬಗ್ಗಿಸಿಟ್ಟಿದ್ದ ಕಣ್ಣುಗಳು ನೇರವಾಗಿ ಅವನನ್ನು ಸುಡುತ್ತಿದ್ದವು.

"ನಿಮ್ಮದು," ಎಂದ. "ಅದೂ ಸರಿಯಾಗಿ ಬಂದಿಲ್ಲ... ಸತ್ತವರ ಶನಿವಾರದ ಹಬ್ಬದೊಳಗೆ ಉಜ್ಜಿ ತೆಗೀತೀನಿ. ಮಾತು ಕೊಟ್ಟೆ."

* * *

"ಅತ್ತಿಗೇ! ನಿಮಗೆ ಒಳ್ಳೇದಾಗ್ಲಿ ಅಂತ ಮಾಡ್ಸಿದ್ದು!"

ಲ್ಯುಬಿಂಕಾ ಅಡುಗೆಮನೆಯಲ್ಲಿ ಎದೆ ಬಡಿದುಕೊಂಡಳು. ಅಣ್ಣನಿಗಿಂತ ಎರಡು ವರ್ಷ ಚಿಕ್ಕವಳು, ಆದರೆ ಊರಿನ ಗಂಡಸರೆಲ್ಲ ಅವಳ ಗಂಟಲಿಗೆ ಹೆದರುತ್ತಾರೆ.

"ನಾನು ಸತ್ತಿಲ್ವಲ್ಲ ಲ್ಯುಬಿಂಕಾ!"

"ಇವತ್ತಿಲ್ಲ, ನಾಳೆ. ಜಾಗ ಇರ್ಲಿ ಅಂತ. ಎಲ್ರೂ ಹೊಗಳ್ತಿದ್ದಾರೆ, ಕಲ್ಲಿನ ಮೇಲೆ ಎಷ್ಟು ಚೆನ್ನಾಗಿ ಬಂದಿದ್ದಾಳೆ ಅಂತ. ನಿಜಕ್ಕಿಂತ ಚೆನ್ನಾಗಿದ್ದೀರಿ!"

"ಪಕ್ಕದ್ಮನೆ ರಾದಿಸಾವ್‌ನ ಹೆಂಡತಿ ಸತ್ತ ವರ್ಷವೇ ಅವನು ಇನ್ನೊಂದು ಮದ್ವೆ ಆದ. ನೀನೇ ಹೋಗಿ ಕುಣಿದು ಬಂದೆ. ಅವನ ಮುಖ ಯಾವ ಕಲ್ಲಿನ ಮೇಲಿದೆ?"

"ಅವನು ಗಂಡಸು. ಅವನಿಗೆ ಸೂಪು ಮಾಡಿ ಹಾಕೋರು ಬೇಡ್ವಾ?"

ಕೇಳಿದಿರಾ? ಸೂಪಂತೆ! ಗಂಡಸಿಗೆ ಹಸಿವಾದರೆ ಮದುವೆ, ಹೆಂಗಸು ಒಂಟಿಯಾದರೆ ಕಲ್ಲು. ಇದನ್ನು ಕಟ್ಟಿದವರು ಯಾರು ಅಂತ ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ.

ಮರುದಿನ ದೊಬ್ರಿಲಾ ಎರಡು ಕೆಲಸ ಮಾಡಿದಳು. ಕಪ್ಪು ಬಟ್ಟೆಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆಸೆದು, ಮದುವೆಗೆ ಮುಂಚಿನ ಹಸಿರು ಜಾಕೆಟ್ ಹೊರತೆಗೆದಳು. ಗುಂಡಿ ಹಾಕಲು ಬರಲಿಲ್ಲ, ಬಿಚ್ಚಿಯೇ ಹಾಕಿಕೊಂಡಳು. ಆಮೇಲೆ ಪೇಟೆಗೆ ಹೋಗಿ ಕಾರು ಓಡಿಸುವುದನ್ನು ಕಲಿಯಲು ಹೆಸರು ಬರೆಸಿದಳು. ಮಿಲೋಯೆಯ ಕೆಂಪು ಕಾರು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಅವನು ಕೆಟ್ಟವನಲ್ಲ. ಹೊಡೆದಿಲ್ಲ, ಬೈದಿಲ್ಲ. ಆದರೆ ಮದುವೆಯಾದಾಗಿನಿಂದ ಕಾರಿನ ಕೀಲಿ ಮಾತ್ರ ಅವನ ಜೇಬಿನಿಂದ ಒಂದು ದಿನವೂ ಹೊರಗೆ ಬಂದದ್ದಿಲ್ಲ.

"ಈ ವಯಸ್ಸಲ್ಲಿ ಸ್ಟೇರಿಂಗಾ?" ಎಂದು ಅಂಗಡಿ ಮುಂದಿನ ಗಂಡಸರು ನಕ್ಕರು. "ಕೋಳಿಗಳನ್ನ ಮೊದ್ಲು ಇಳಿಸ್ಕೋ ದೊಬ್ರಿಲಾ!"

"ನಿಮ್ಮನ್ನ ಬೆಂಚಿಂದ ಇಳಿಸೋಕಿಂತ ಸುಲಭ!" ಎಂದು ಉತ್ತರ ಕೊಟ್ಟೇ ಮುಂದೆ ಹೋದಳು.

ಮಂಗಳವಾರ ಪಾಠ. ಪಾಠ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಕಲ್ಲಿನ ಕೆಲಸದ ಅಂಗಡಿ ಬಸ್ ನಿಲ್ದಾಣದ ಹಿಂದೆಯೇ.

ಮೊದಲ ಮಂಗಳವಾರ ಹೋದದ್ದು "ಯಾವಾಗ ಅಳಿಸ್ತೀಯ?" ಎಂದು ಗದರಿಸಲು. ಎರಡನೆಯದು ನೆನಪಿಸಲು. ಆಮೇಲಿನವುಗಳಿಗೆ ಅವಳು ನೆಪ ಹುಡುಕುವುದನ್ನೇ ಬಿಟ್ಟಳು.

"ಇವತ್ತೂ ಏರು ರಸ್ತೇಲಿ ಕಾರು ಹಿಂದಕ್ಕೆ ಹೋಯ್ತು," ಎಂದಳು ಒಂದು ದಿನ, ಕಾಫಿಯ ಪುಟ್ಟ ಕಪ್ಪು ಹಿಡಿದು. "ಪಾಠ ಹೇಳೋನು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡ!"

"ಏರಲ್ಲಿ ಎಲ್ರೂ ಹಿಂದಕ್ಕೇ ಹೋಗೋದು ಮೊದ್ಲು," ಎಂದ ತಿಹೋಮಿರ್. "ಆಮೇಲೆ ಬ್ರೇಕಿನ ಮೇಲಿಂದ ಕಾಲು ತೆಗಿಯೋಕೆ ಭಯ. ಕಾಲು ತೆಗೀದೇ ಇದ್ರೆ ಮುಂದೆ ಹೋಗಲ್ಲ."

"ನೀನು ಕಾರಿನ ವಿಷ್ಯ ಹೇಳ್ತಿದ್ದೀಯೋ, ಬೇರೇನೋ?"

ಅವನು ಕಿವಿವರೆಗೂ ಕೆಂಪಾದ. ಅರವತ್ತೊಂದರ ಗಂಡಸು, ಕಲ್ಲಿನ ಧೂಳು ಮೆತ್ತಿದ ಮೀಸೆ, ಶಾಲೆ ಹುಡುಗನ ಹಾಗೆ ಕೆಂಪು!

'ಅಯ್ಯೋ ದೇವರೇ,' ಎಂದುಕೊಂಡಳು ದೊಬ್ರಿಲಾ. 'ನನಗೂ ಕಾವು ಬರ್ತಿದೆ... ಇದು ಆ ಕಾವಲ್ಲ!'

ಬಸ್ಸಿನಲ್ಲಿ ಕೂತು ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿದಳು. ಸುಕ್ಕು, ಬೂದಿ ಕೂದಲು, ಜೋತ ಗಲ್ಲ. ಎಲ್ಲ ಇತ್ತು. ಆದರೆ ಕಲ್ಲಿನ ಮೇಲಿದ್ದವಳು ಇವಳಲ್ಲ. ಈ ಮುಖವನ್ನು ಅವಳು ಮೂವತ್ತರಲ್ಲೂ ನೋಡಿರಲಿಲ್ಲ... ಇದು ಈಗ ಬಂದ ಮುಖ!

* * *

ಸತ್ತವರ ಶನಿವಾರ ಬಂತು. ಊರಿಗೆ ಊರೇ ಸ್ಮಶಾನದಲ್ಲಿರುವ ದಿನ. ಸಕ್ಕರೆ, ಅಕ್ರೋಟು ಹಾಕಿ ಬೇಯಿಸಿದ ಗೋಧಿ, ರೊಟ್ಟಿ, ವೈನು, ಮೇಣದಬತ್ತಿ. ಗೋರಿಗಳ ನಡುವೆಯೇ ಮೇಜುಬಟ್ಟೆ ಹಾಸಿ ಸತ್ತವರಿಗೆ ಒಂದು ತುತ್ತು, ಬದುಕಿದವರಿಗೆ ಒಂದು ತುತ್ತು.

ದೊಬ್ರಿಲಾ ಆ ದಿನ ಕೆಂಪು ಕಾರನ್ನು ತಾನೇ ಓಡಿಸಿಕೊಂಡು ಬಂದಳು! ಪರೀಕ್ಷೆ ಗುರುವಾರ ಪಾಸಾಗಿತ್ತು, ಮೂರನೇ ಸಲಕ್ಕೆ. ಹಸಿರು ಜಾಕೆಟ್ಟು, ಬುಟ್ಟಿಯಲ್ಲಿ ಗೋಧಿ, ಹೂವಿನ ಮೇಜುಬಟ್ಟೆ. ಎದೆ ಹಗುರ. ಇವತ್ತು ಕಲ್ಲಿನ ಮೇಲೆ ಮಿಲೋಯೆ ಒಬ್ಬನೇ ಇರುತ್ತಾನೆ. ಅವನಿಗೊಂದು ದೀಪ ಹಚ್ಚಿ, ನಾನು ಕಾರು ಕಲಿತೆ ಕಣಯ್ಯಾ ಅಂತ ಹೇಳಬೇಕು...

ಕಲ್ಲಿನ ಮುಂದೆ ಬಂದು ನಿಂತಳು.

ಕಪ್ಪು ತಲೆವಸ್ತ್ರ. ನೆಲ ನೋಡುವ ಕಣ್ಣು. ಹುಟ್ಟಿದ ವರ್ಷ, ಗೆರೆ, ಖಾಲಿ ಜಾಗ. ಒಂದು ಚುಕ್ಕಿಯೂ ಅಳಿದಿರಲಿಲ್ಲ.

"ಹುಡುಕ್ತಿದ್ದೀರಾ ಅತ್ತಿಗೆ?" ಲ್ಯುಬಿಂಕಾ ಹಿಂದೆಯೇ ನಿಂತಿದ್ದಳು. ಸುತ್ತಲೂ ಹತ್ತಾರು ಕಿವಿಗಳು. "ನಿಮ್ಮ ಮೇಸ್ತ್ರಿ ಬಂದಿದ್ದ, ನಿನ್ನೆ. ಮೆಷಿನ್ನು ಗಿಷಿನ್ನು ಹೊತ್ಕೊಂಡು. ನಾನೊಂದು ಮಾತು ಹೇಳ್ದೆ, ಬಾಲ ಮುದುರ್ಕೊಂಡು ಹೋದ."

"ಏನು ಹೇಳ್ದೆ?"

"ಮೇಸ್ತ್ರಿ, ನಿನ್ನ ಹೆಸರು ನಿನ್ನ ಹೆಂಡತಿ ಜಿವಾನಾಳ ಪಕ್ಕ ಕಲ್ಲಲ್ಲಿ ಕೂತಿದೆಯಲ್ಲಪ್ಪಾ! ನೀನೇ ಅಲ್ಲಿ ಮಲಗೋಕೆ ಜಾಗ ಹಿಡಿದಿರೋನು, ನನ್ನ ಅಣ್ಣನ ಹೆಂಡತೀನ ಎಬ್ಬಿಸೋಕೆ ನೀನ್ಯಾರು ಅಂದೆ." ಲ್ಯುಬಿಂಕಾ ದನಿ ಇಳಿಸಿದಳು, ಎಲ್ಲರಿಗೂ ಕೇಳುವಷ್ಟೇ. "ಅಯ್ಯೋ... ನಿಮಗೆ ಹೇಳಿರ್ಲಿಲ್ವಾ? ತನ್ನ ಕೈಯಾರೆ ಕೆತ್ಕೊಂಡಿದ್ದಾನಂತೆ, ಅವಳು ಸತ್ತ ವಾರವೇ! ಇಷ್ಟು ಮಂಗಳವಾರ ಕಾಫಿ ಕುಡಿದ್ರೂ ಹೇಳ್ಲಿಲ್ವಾ? ಪಾಪ!"

ಯಾರೋ ಮುಸಿಮುಸಿ ನಕ್ಕರು.

ದೊಬ್ರಿಲಾ ಬುಟ್ಟಿ ಕೆಳಗಿಟ್ಟಳು.

'ಹೇಳಿಲ್ಲ... ಒಂದು ಮಾತೂ ಹೇಳಿಲ್ಲ! ಅವನ ಜಾಗ ನಿಗದಿಯಾಗಿದೆ, ಅವನ ಜೋಡಿ ನಿಗದಿಯಾಗಿದೆ. ನಾನು ಬಸ್ಸು ಬರೋವರೆಗಿನ ಹರಟೆ!'

ಅಳಲಿಲ್ಲ ಅವಳು. ಅಳುವ ವಯಸ್ಸು ಮೀರಿತ್ತು ಅಂತಲ್ಲ, ಅಷ್ಟು ಜನರೆದುರು ಅತ್ತರೆ ಕಲ್ಲಿನ ಮುಖವೇ ನಿಜವಾಗಿಬಿಡುತ್ತಿತ್ತು. ಬುಟ್ಟಿಯಿಂದ ಹೂವಿನ ಮೇಜುಬಟ್ಟೆ ತೆಗೆದಳು. ಕೊಡವಿ ಬಿಡಿಸಿ, ಕಲ್ಲಿನ ಮೇಲೆ ತನ್ನ ಮುಖದ ಅರ್ಧಕ್ಕೆ ಹೊದಿಸಿ, ಕಾರಿನಲ್ಲಿದ್ದ ಹಗ್ಗ ತಂದು ನಾಲ್ಕು ಕಡೆ ಬಿಗಿದಳು.

"ದೇವರೇ! ಏನಿದು ಅತ್ತಿಗೇ!"

"ಸತ್ತವರ ಹಬ್ಬ ಇವತ್ತು. ಬದುಕಿರೋರಿಗೆ ಇಲ್ಲೇನು ಕೆಲಸ? ಅದಕ್ಕೇ ಮುಚ್ಚಿದೆ." ಸುತ್ತ ತಿರುಗಿದಳು. ದನಿ ಏರಿತು. "ಎಲ್ರೂ ಕೇಳಿಸ್ಕೊಳ್ಳಿ! ಅಡುಗೆ ಮಾಡುವಾಗ ಬದುಕಿದ್ದೆ, ಮಿಲೋಯೆಯ ಮೈ ತೊಳೆಯುವಾಗ ಬದುಕಿದ್ದೆ, ನಿಮ್ಮನೆ ಬಾಣಂತನಕ್ಕೆಲ್ಲ ಬದುಕಿದ್ದೆ. ನನಗೇಂತ ಒಂದು ದಿನ ಬದುಕ್ತೀನಿ ಅಂದ ತಕ್ಷಣ ಸತ್ತವಳಾ? ಈ ಬಟ್ಟೆ ಮುಟ್ಟಿದೋರ ಕೈ ಮುರೀತೀನಿ!"

ಮಿಲೋಯೆಗೆ ದೀಪ ಹಚ್ಚಿ, ಗೋಧಿ ಇಟ್ಟು, ಕಾರು ಹತ್ತಿ ಹೋದಳು. ಒಬ್ಬರೂ ಬಟ್ಟೆ ಮುಟ್ಟಲಿಲ್ಲ.

* * *

ಸೋಮವಾರ ಬೆಳಗ್ಗೆ ಕಲ್ಲಿನ ಅಂಗಡಿಗೆ ಹೋದಳು. ಬೈಯಲು ಹೋದದ್ದು, ಬೇರೇನಿಲ್ಲ! ಇಡೀ ಭಾನುವಾರ ಬೈಗುಳ ಹೊಂದಿಸಿಕೊಂಡಿದ್ದಳು.

ಅಂಗಡಿಗೆ ಬೀಗ.

"ಮೇಸ್ತ್ರಿ ಶನಿವಾರದಿಂದ ಗುಡ್ಡದ ಮೇಲಿನ ಊರಲ್ಲಿದ್ದಾರೆ," ಎಂದಳು ಪಕ್ಕದ ಹೂವಿನವಳು. "ಹೆಂಡತಿ ಗೋರಿ ಹತ್ರ."

ದೊಬ್ರಿಲಾ ಕಾರಿಗೆ ಹಿಂತಿರುಗಿದಳು. 'ಹೆಂಡತಿ ಹತ್ರ! ಇರ್ಲಿ. ಅವಳ ಎದುರೇ ಬೈತೀನಿ.'

ಗುಡ್ಡದ ರಸ್ತೆ ಗೋಡೆ ಹತ್ತಿದ ಹಾಗೆ. ಅರ್ಧಕ್ಕೆ ಒಂದು ಕುರಿ ಹಿಂಡು ಅಡ್ಡ ಬಂತು. ಕಾರು ನಿಂತಿತು. ಹಿಂಡು ದಾಟಿದ ಮೇಲೆ ಹೊರಡಲು ಹೋದರೆ ಕಾರು ಹಿಂದಕ್ಕೆ... ಹಿಂದಕ್ಕೆ...! ಗಾಬರಿಯಾಗಿ ಬ್ರೇಕ್ ಒತ್ತಿ ಹಿಡಿದಳು.

"ಕಾಲು ತೆಗಿ ಮುದುಕೀ! ಬ್ರೇಕಿಂದ ಕಾಲು ತೆಗಿ!" ಎಂದು ತನ್ನನ್ನು ತಾನೇ ಬೈದುಕೊಂಡಳು. ತೆಗೆದಳು. ಆಕ್ಸಿಲರೇಟರ್ ತುಳಿದಳು, ಇಂಜಿನ್ ಹಂದಿಯಂತೆ ಅರಚಿತು. ಕಾರು ಏರಿತು.

ಮೇಲೆ ಸ್ಮಶಾನದ ಬೇಲಿ ದಾಟುವಾಗ ಮೆಷಿನ್ನಿನ ಕೊರೆಯುವ ಸದ್ದು ಕೇಳಿಸಿತು.

ತಿಹೋಮಿರ್ ಮಂಡಿಯೂರಿ ಕೂತಿದ್ದ. ಮುಖ, ಮೀಸೆ, ಹುಬ್ಬು, ಎಲ್ಲ ಬೂದಿ. ಎದುರಿಗೆ ಕಪ್ಪು ಕಲ್ಲು. ಒಂದು ಕಡೆ ನಗುವ ಹೆಂಗಸು, ಜಿವಾನಾ. ಇನ್ನೊಂದು ಕಡೆ... ಮುಖವಿಲ್ಲ. ಹೆಸರಿಲ್ಲ. ಹೊಳಪು ಹೋದ, ಆಗಷ್ಟೇ ಉಜ್ಜಿದ ಬೂದು ಚೌಕ. ಕೊನೆಯಲ್ಲಿ ಆ ಗೆರೆ ಮಾತ್ರ ಉಳಿದಿತ್ತು.

ಅವನು ಮೆಷಿನ್ ನಿಲ್ಲಿಸಿದ.

"ಹೇಗೆ ಬಂದ್ರಿ ಇಲ್ಲಿಗೆ?"

"ಕಾರಲ್ಲಿ."

"ಆ ಏರಲ್ಲಿ?"

"ಆ ಏರಲ್ಲಿ! ಮಾತು ಬದಲಾಯಿಸ್ಬೇಡ. ಯಾಕೆ ಹೇಳ್ಲಿಲ್ಲ ನನಗೆ?"

"ನಾಚಿಕೆ ಆಯ್ತು." ಅವನು ಕೈ ಒರೆಸಿಕೊಂಡ. "ಅವಳು ಹೋದ ವಾರ ನನಗೂ ಸಾಯ್ಬೇಕು ಅನ್ನಿಸ್ತು. ನನ್ನ ಮುಖ ನಾನೇ ಕೆತ್ಕೊಂಡೆ. ಎಲ್ರಿಗೂ ಮಾಡೋ ಕೆಲಸ, ನನಗೂ ಮಾಡ್ಕೊಂಡೆ, ಅಷ್ಟೇ. ನೀವು ಬಾಗಿಲಲ್ಲಿ ನಿಂತು ಕೇಳೋವರೆಗೂ ಅದು ತಪ್ಪು ಅಂತಾನೇ ಹೊಳೆದಿರ್ಲಿಲ್ಲ. ಶುಕ್ರವಾರ ನಿಮ್ಮ ನಾದಿನಿ ಅಂದ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ನಾನಿಲ್ಲಿ ಸತ್ತು ಕೂತಿರೋವಾಗ ನಿಮ್ಮನ್ನ ಅಲ್ಲಿಂದ ಎಬ್ಬಿಸೋಕೆ ಯಾವ ಮುಖ ನನಗೆ? ಅದಕ್ಕೇ... ಮೊದ್ಲು ನಂದು."

"ಮೂರು ದಿನದಿಂದ ಉಜ್ತಿದ್ದೀಯಾ?"

"ಶನಿವಾರ ಕೂತು ಜಿವಾನಾ ಹತ್ರ ಕೇಳ್ದೆ. ಭಾನುವಾರ ಮೆಷಿನ್ ಓಡಿಸೋ ಹಾಗಿಲ್ಲ, ಸುಮ್ನೆ ಕೂತೆ. ಇವತ್ತು ಶುರು ಮಾಡ್ದೆ."

"ಏನಂದ್ಲು?"

"ಬದುಕಿದ್ದಾಗ್ಲೂ ಅವಳು ಬೇಗ ಉತ್ತರ ಕೊಡ್ತಿರ್ಲಿಲ್ಲ." ಅವನು ಕಲ್ಲಿನ ಕಡೆ ನೋಡಿದ. "ಆದ್ರೆ ಬೇಡ ಅನ್ನೋದಿದ್ರೆ ಮಾತ್ರ ತಕ್ಷಣ ಅಂತಿದ್ಲು."

ಇಡೀ ಭಾನುವಾರ ಹೊಂದಿಸಿದ ಬೈಗುಳ ಎಲ್ಲಿ ಹೋಯಿತೋ! ದೊಬ್ರಿಲಾ ಅವನ ಪಕ್ಕ ಮಂಡಿಯೂರಿದಳು. ಮಂಡಿ ಕಟಕಟ ಅಂದಿತು. ಜಾಕೆಟ್ಟಿನ ತೋಳಿನಿಂದ ಅವನ ಹುಬ್ಬಿನ ಮೇಲಿನ ಧೂಳು ಒರೆಸಿದಳು.

"ಗೆರೆ ಉಳಿದಿದೆ," ಎಂದಳು ಮೆಲ್ಲಗೆ. "ಅದನ್ನೂ ತೆಗಿ."

ತೆಗೆದ.

* * *

ಆ ಮಧ್ಯಾಹ್ನವೇ ಇಬ್ಬರೂ ನಮ್ಮೂರಿನ ಸ್ಮಶಾನಕ್ಕೆ ಬಂದರು. ದೊಬ್ರಿಲಾ ಮೇಜುಬಟ್ಟೆ ಬಿಚ್ಚಿದಳು. ತಿಹೋಮಿರ್ ಮೆಷಿನ್ ಎತ್ತಿದ.

"ಇಲ್ಲಿ ಕೊಡು," ಎಂದಳು.

"ಭಾರ ಇದೆ..."

"ನನ್ನ ಮುಖ ಅಲ್ವಾ? ನಾನೇ ಹೊರ್ತೀನಿ. ನೀನು ಕೆಳಗಿಂದ ಕೈ ಕೊಡು."

ಸದ್ದು ಕೇಳಿ ಲ್ಯುಬಿಂಕಾ ಏಪ್ರನ್ನಿನಲ್ಲೇ ಓಡಿ ಬಂದಳು, ಕೈತುಂಬ ಹಿಟ್ಟು.

"ನಿಲ್ಸೀ! ಅತ್ತಿಗೇ! ನಾಳೆ ಸತ್ರೆ ಎಲ್ಲಿ ಹೂಳ್ಲಿ ನಿಮ್ಮನ್ನ?"

"ಆಗ ನನಗೆ ಬಾಯಿ ಇರಲ್ಲ, ನಿನಗಿಷ್ಟ ಬಂದ ಕಡೆ ಹೂಳು. ಈಗ ಬಾಯಿ ಇದೆ!"

"ಅಣ್ಣ ಒಬ್ನೇ ಆಗ್ತಾನಲ್ಲ...!"

ಅದುವರೆಗೆ ಗದರುತ್ತಿದ್ದ ಆ ಗಂಟಲು ಒಡೆಯಿತು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಅಷ್ಟೇ ಇತ್ತು ನೋಡಿ ಅವಳೊಳಗೆ. ಅಣ್ಣ ಕತ್ತಲಲ್ಲಿ ಒಬ್ಬನೇ ಇರುತ್ತಾನಲ್ಲ ಎಂಬ ಸಂಕಟ. ಸಂಕಟ ಸರಿ, ಆದರೆ ಅದಕ್ಕೆ ಬದುಕಿರುವ ಹೆಂಗಸನ್ನು ಜೊತೆಗಿಡುವುದು ಯಾವ ನ್ಯಾಯ?

ದೊಬ್ರಿಲಾ ಮೆಷಿನ್ ಕೆಳಗಿಟ್ಟಳು. "ಲ್ಯುಬಿಂಕಾ, ದೀಪಕ್ಕೆ, ಗೋಧಿಗೆ, ಹೂವಿಗೆ ಬರ್ತೀನಿ. ನನ್ನ ಕಾಲ್ಮೇಲೆ ನಡ್ಕೊಂಡು ಬರ್ತೀನಿ. ಮಲಗೋಕಲ್ಲ. ತಿಳೀತಾ?"

ಲ್ಯುಬಿಂಕಾ ಮೂಗು ಒರೆಸಿಕೊಂಡಳು. ಬೂದು ಬಣ್ಣಕ್ಕೆ ತಿರುಗಿದ ಚೌಕ ನೋಡಿದಳು. "ಫೋಟೋ ನಿಜಕ್ಕೂ ಚೆನ್ನಾಗಿರ್ಲಿಲ್ಲ," ಎಂದಳು ಕೊನೆಗೆ. "ತಲೆವಸ್ತ್ರ ಓರೆ ಇತ್ತು."

"ಮೋಡ ಕವೀತಿದೆ. ಕಾರು ಹತ್ತು, ಮನೆಗೆ ಬಿಡ್ತೀನಿ."

"ನೀವು ಓಡಿಸೋ ಕಾರಾ? ನಾಳೆ ನನ್ನ ಹೆಸ್ರೇ ಕಲ್ಲಿಗೆ ಹಾಕಿಸ್ಬೇಕಾಗುತ್ತೆ!"

ಆದರೂ ಹತ್ತಿದಳು. ದಾರಿಯುದ್ದಕ್ಕೂ ಶಿಲುಬೆ ಹಾಕಿಕೊಳ್ಳುತ್ತಾ.

ಅವಳನ್ನಿಳಿಸಿ ದೊಬ್ರಿಲಾ ತಿಹೋಮಿರ್‌ನನ್ನು ಪೇಟೆಯ ಮನೆಗೆ ಬಿಟ್ಟಳು. ಅವನು ಇಳಿದ. ಬಾಗಿಲು ಹಾಕಲಿಲ್ಲ. ಮನೆಯ ಗೇಟಿನ ಕಂಬಕ್ಕೆ ಕಲ್ಲಿನ ಫಲಕ, ಅದರಲ್ಲಿ ಅವನ ಹೆಸರೊಂದೇ. ಕೆಳಗೆ ಇನ್ನೊಂದು ಹೆಸರಿಗಾಗುವಷ್ಟು ಜಾಗ.

"ದೊಬ್ರಿಲಾ... ಈ ಗೇಟಿನ ಮೇಲೆ..." ಅವನು ಫಲಕದ ಖಾಲಿ ಜಾಗ ತೋರಿಸಿದ. "ನೀನು ಒಪ್ಪಿದ್ರೆ... ನಿನ್ನ ಹೆಸರು..."

ಮೊದಲ ಸಲ 'ನೀನು' ಅಂದಿದ್ದ! ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕಲ್ಲಲ್ಲಿ ಕೆತ್ತೋಕೆ ನಾನು ಬಿಡಲ್ಲ ಮೇಸ್ತ್ರಿ. ಸಾಕಾಗಿದೆ ನನಗೆ."

ಅವನ ಮುಖ ಇಳಿಯಿತು. "ಸರಿ..."

"ಸೀಮೆಸುಣ್ಣ ಇದ್ಯಾ?"

"...ಏನು?"

"ಸೀಮೆಸುಣ್ಣ! ಕಲ್ಲಿನ ಮೇಲೆ ಗುರ್ತು ಹಾಕ್ತೀಯಲ್ಲ, ಅದು. ಅದ್ರಲ್ಲಿ ಬರಿ."

ಅವನು ಜೇಬು ತಡಕಿದ. ಒಂದು ತುಂಡು ಸಿಕ್ಕಿತು. ಮೊದಲ ಹನಿ ಆಗಲೇ ಕಾರಿನ ಗಾಜಿಗೆ ಬಿದ್ದಿತ್ತು.

"ಮಳೆ ಬರ್ತಿದೆ ದೊಬ್ರಿಲಾ. ಅಳಿಸಿ ಹೋಗುತ್ತೆ."

"ಹೋಗ್ಲಿ. ಮತ್ತೆ ಬರಿ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ." ಅವಳು ಇಂಜಿನ್ ಆರಿಸಿ, ಕೀಲಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. ಕಾರಿನಿಂದ ಇಳಿದು ಅವನ ಪಕ್ಕ ನಿಂತಳು. "ಆದ್ರೆ ಪ್ರತಿ ಸಲಾನೂ ನನ್ನನ್ನ ಕೇಳಿ ಬರಿ."

ತಿಹೋಮಿರ್ ಸೀಮೆಸುಣ್ಣ ಹಿಡಿದು ಅವಳ ಕಡೆ ತಿರುಗಿದ.

"ಬರೀಲಾ?"

"ಬರಿ."